ಎಷ್ಟು ಕಾರ್ಡ್ ಬಾಯಿಪಾಠ ಆಗಿರಬೇಕು ಸರ್?

ಪ್ರಶ್ನೆ: 1930ರ ದಶಕದ ಜಾಝ್ ಗಿಟಾರ್ ಸೋಲೋಗಳನ್ನು, ಅಂದರೆ ಟ್ಯೂನನ್ನೂ ಕಾರ್ಡನ್ನೂ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಒಬ್ಬರೇ ನುಡಿಸುವ ಕಾರ್ಡ್-ಮೆಲಡಿಯನ್ನು, ಕಲಿಯಬೇಕು ಅಂತಿದ್ದೇನೆ. ಶುರು ಮಾಡುವ ಮೊದಲು ಎಷ್ಟು ಕಾರ್ಡ್ ಬಾಯಿಪಾಠ ಆಗಿರಬೇಕು?

ಮೂರು.

ಎಷ್ಟನೇ ಸಲ ಇದನ್ನು ಹೇಳುತ್ತಿದ್ದೇನೋ ಲೆಕ್ಕ ತಪ್ಪಿದೆ. ಕೇಳಿದವರು ಪ್ರತಿ ಸಲವೂ ಒಂದೇ ಥರ ಮುಖ ನೋಡುತ್ತಾರೆ, ಮೇಷ್ಟ್ರು ಏನೋ ಮುಚ್ಚಿಡುತ್ತಿದ್ದಾರೆ ಅನ್ನುವ ಹಾಗೆ. ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ ಸ್ಪೈರಲ್ ಬೈಂಡಿಂಗ್ ಮಾಡಿಸಿದ ಕಾರ್ಡ್ ಪುಸ್ತಕ ಹಿಡಿದು ಬಂದ. ಪುಟದ ತುಂಬ ಚೌಕ, ಚುಕ್ಕಿ, ಹಳದಿ ಹೈಲೈಟರ್. ಅರ್ಧ ಪುಸ್ತಕ ನಿಜವಾಗಿಯೂ ಬರುತ್ತಿತ್ತು, ಯಾವ ಹೆಸರು ಹೇಳಿದರೂ ಬೆರಳು ಹೋಗಿ ಕೂರುತ್ತಿತ್ತು. "ಪುಸ್ತಕ ಮುಚ್ಚಪ್ಪ, ನಿನಗಿಷ್ಟದ ಒಂದು ಟ್ಯೂನನ್ನು ಮೊದಲನೇ ತಂತಿಯಲ್ಲಿ ಒಂದೇ ಬೆರಳಲ್ಲಿ ನುಡಿಸು" ಅಂದೆ. ಎರಡನೇ ಸಾಲಿಗೇ ತಡವರಿಸಿ ನಿಂತ. ಮದುಮಗನೇ ಇಲ್ಲದೆ ದಿಬ್ಬಣ ಹೊರಡಿಸಿದ ಹಾಗಾಯಿತು.

ಈಗ ಗಿಟಾರ್ ತೆಗೆದುಕೊಳ್ಳಿ. ಎಲ್ಲಕ್ಕಿಂತ ತೆಳ್ಳಗಿನ ಮೊದಲನೇ ತಂತಿ, ಮೂರನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ): ಜಿ ಸ್ವರ. ಟ್ಯೂನಿನ ಸ್ವರ ಅದೇ ಅಂತಿಟ್ಟುಕೊಳ್ಳಿ. ಅದನ್ನು ಬಿಡದೆ ಎರಡನೇ, ಮೂರನೇ ತಂತಿಗಳನ್ನು ಐದನೇ ಫ್ರೆಟ್‌ನಲ್ಲಿ ಒತ್ತಿದರೆ ಸಿ ಮೇಜರ್ ಕಾರ್ಡ್. ಎರಡನೇ ತಂತಿ ಮೂರಕ್ಕೆ, ಮೂರನೇ ತಂತಿ ನಾಲ್ಕಕ್ಕೆ ಬಂದರೆ ಜಿ ಮೇಜರ್. ಎರಡನೆಯದು ನಾಲ್ಕರಲ್ಲಿ, ಮೂರನೆಯದು ಮೂರರಲ್ಲಿ ಇದ್ದರೆ ಇ ಫ್ಲ್ಯಾಟ್ ಮೇಜರ್. ಮೇಲಿನ ಸ್ವರ ಕೂತಲ್ಲೇ ಕೂತಿದೆ. ನಾಲ್ಕು ದಿನ ಕರ್ನಾಟಕ ಸಂಗೀತ ಕಲಿತವರಿಗೂ ಇದು ಹೊಳೆಯಬೇಕು: ಅದೇ ಜಿ ಮೊದಲನೇ ಕಾರ್ಡ್‌ನಲ್ಲಿ ಪಂಚಮ, ಎರಡನೆಯದರಲ್ಲಿ ಷಡ್ಜ, ಮೂರನೆಯದರಲ್ಲಿ ಗಾಂಧಾರ. ನಾನು ಹೇಳಿದ ಮೂರು ಇವೇ. ಇವನ್ನು ಕತ್ತಿನುದ್ದಕ್ಕೂ ಜಾರಿಸಿದರೆ ಬೇಕಾದ ಮೇಜರ್ ಕಾರ್ಡ್ ಸಿಗುತ್ತದೆ.

ಉಳಿದವು? ಮತ್ತೆ ಸಿ ಮೇಜರ್ ಹಿಡಿಯಿರಿ. ಮೂರನೇ ತಂತಿಯ ಬೆರಳೊಂದನ್ನೇ ಆರನೇ ಫ್ರೆಟ್‌ಗೆ ಸರಿಸಿ, ಖಾಲಿ ಐದನೇ ತಂತಿಯನ್ನೂ ಜೊತೆಗೆ ಮೀಟಿ. ಎ ಸೆವೆಂತ್! ಪುಸ್ತಕದಲ್ಲಿ ಅದಕ್ಕೆ ಬೇರೆಯೇ ಪುಟ, ಕೈಗೆ ಒಂದೇ ಫ್ರೆಟ್ ದೂರ. ಆ ಹುಡುಗನಿಗೆ ಇದು ತಿಳಿದ ದಿನ ಅವನ ಮುಖ ನೋಡಬೇಕಿತ್ತು.

"ಆರೂ ತಂತಿ ನುಡಿಯದಿದ್ದರೆ ಹಳೇ ಕಾಲದ ದನಿ ಬರಲ್ಲ" ಅನ್ನುವುದು, ಪುಸ್ತಕದ ತುಂಬ ಕಾರ್ಡ್ ಬಾಯಿಪಾಠ ಆಗಬೇಕು ಅನ್ನುವ ಮೂಢನಂಬಿಕೆಯ ತಮ್ಮ. ಆ ಕಾಲದ ಗಿಟಾರ್ ವಾದಕರಲ್ಲಿ ಏಳು ತಂತಿಯ ಗಿಟಾರ್ ಮಾಡಿಸಿಕೊಂಡ ಜಾರ್ಜ್ ವ್ಯಾನ್ ಎಪ್ಸ್ ಕೂಡ ತಮ್ಮ ಪಾಠ ಕಟ್ಟಿದ್ದು ಮೂರು ಸ್ವರದ ಕಾರ್ಡ್‌ಗಳ ಮೇಲೆ. ಇನ್ನೊಬ್ಬ ವಾದಕ ಕಾರ್ಲ್ ಕ್ರೆಸ್ ಬ್ಯಾಂಜೋ ಎಂಬ ತಂತಿವಾದ್ಯದಿಂದ ಗಿಟಾರ್‌ಗೆ ಬಂದವರು, ತಗ್ಗು ದನಿಯ ತಂತಿಗಳನ್ನು ಬ್ಯಾಂಜೋ ಥರ ಪಂಚಮದ ಅಂತರದಲ್ಲಿ ಶ್ರುತಿ ಮಾಡುತ್ತಿದ್ದರು. ಅವರ ಕಾರ್ಡನ್ನು ನಿಮ್ಮ ಮಾಮೂಲಿ ಶ್ರುತಿಯ ಚಾರ್ಟಿನಲ್ಲಿ ಹುಡುಕಿದರೆ ಎಲ್ಲಿಂದ ಸಿಗಬೇಕು?

"ರೆಕಾರ್ಡ್‌ನಲ್ಲಿ ಅಷ್ಟು ತುಂಬಿ ಕೇಳುತ್ತಲ್ಲ ಸರ್?" ಕೇಳುತ್ತದೆ. ಯಾಕೆಂದರೆ ಎಷ್ಟೋ ರೆಕಾರ್ಡ್‌ಗಳಲ್ಲಿ ಇಬ್ಬರಿದ್ದಾರೆ! 1932ರಲ್ಲಿ ಎಡ್ಡಿ ಲ್ಯಾಂಗ್ ಮತ್ತು ಕ್ರೆಸ್, 1934ರಲ್ಲಿ ಕ್ರೆಸ್ ಮತ್ತು ಡಿಕ್ ಮೆಕ್‌ಡೊನೊ, ಎರಡು ಗಿಟಾರ್ ಇಟ್ಟುಕೊಂಡು ನುಡಿಸಿದರು. ನೀವು ನಾಲ್ಕು ಕೈಗಳ ಕೆಲಸವನ್ನು ಎರಡೇ ಕೈಯಲ್ಲಿ ಮಾಡಲು ಹೋಗಿ ಬೆರಳು ಉಳುಕಿಸಿಕೊಳ್ಳುತ್ತೀರಿ, ಆಮೇಲೆ ನನ್ನ ಬೆರಳು ಗಿಡ್ಡ ಅಂತ ಕೊರಗುತ್ತೀರಿ.

ಟ್ಯೂನನ್ನು ಮೊದಲೆರಡು ತಂತಿಗಳಿಗೆ ತನ್ನಿ, ತಗ್ಗಾದರೆ ಒಂದು ಸ್ಥಾಯಿ ಮೇಲಕ್ಕೆ ಎತ್ತಿ. ತಂತಿ ಮೀಟುವ ಪಿಕ್ ಮೇಲಿಂದ ಕೆಳಕ್ಕೆ ಬರುವಾಗ ಕೊನೆಗೆ ತಾಗುವ ತಂತಿಯೇ ಕಿವಿಯಲ್ಲಿ ಉಳಿಯುತ್ತದೆ, ಹಾಡು ಅಲ್ಲಿರಬೇಕು. ಪ್ರತಿ ಸ್ವರದ ಕೆಳಗೂ ಕಾರ್ಡ್ ತುರುಕಬೇಡಿ. ತಾಳದ ಪ್ರತಿ ಸುತ್ತಿನ ಮೊದಲ ಹೊಡೆತಕ್ಕೆ, ಉದ್ದ ನಿಲ್ಲುವ ಸ್ವರಕ್ಕೆ ಹಾಕಿ, ನಡುವಿನವು ಒಂಟಿಯಾಗಿಯೇ ಓಡಲಿ.

ಇನ್ನೊಂದು ವಿಷಯ, ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಇಷ್ಟೆಲ್ಲ ಸರಿಯಾಗಿ ನುಡಿಸಿದರೂ ಕೆಲವರಿಗೆ ಅದು ಕಲಸುಮೇಲೋಗರದ ಹಾಗೆ ಕೇಳುತ್ತದೆ. ತಪ್ಪು ಕಾರ್ಡಿನದಲ್ಲ. ಆಗಿನ ಗಿಟಾರ್ ಬೇರೆ. ಗಿಬ್ಸನ್ ಕಂಪನಿ 1922ರಲ್ಲಿ ತಂದ ಎಲ್-5 ಥರದವು: ಪಿಟೀಲಿನಂತೆ ಉಬ್ಬಿದ ಮೇಲ್ಮೈ, ಎಫ್ ಆಕಾರದ ಸೀಳು, ದಪ್ಪ ತಂತಿ. ಆಂಪ್ಲಿಫೈಯರ್ ಇಲ್ಲದೆ ಬ್ಯಾಂಡಿನ ನಡುವೆ ಕೇಳಿಸಬೇಕಿತ್ತಲ್ಲ. ಅದರ ದನಿ ಥಟ್ಟನೆ ಏಳುತ್ತದೆ, ಅಷ್ಟೇ ಬೇಗ ಅಡಗುತ್ತದೆ. ಒಂದರ ಹಿಂದೊಂದು ಕಾರ್ಡ್ ಹೊಡೆದರೂ ಅದರಲ್ಲಿ ಪ್ರತಿಯೊಂದೂ ಬಿಡಿಬಿಡಿಯಾಗಿ ಕೇಳುತ್ತದೆ. ನಿಮ್ಮ ಎಲೆಕ್ಟ್ರಿಕ್ ಗಿಟಾರ್‌ನ ದನಿ ಎಳೆದುಕೊಂಡೇ ಇರುತ್ತದೆ, ಹಿಂದಿನ ಕಾರ್ಡ್ ಹೋಗುವ ಮುಂಚೆ ಮುಂದಿನದು ಬಂದು ಅದರ ಮೇಲೆ ಕೂರುತ್ತದೆ.

ಸಾಲ ಮಾಡಿ ಇಂಥ ಉಬ್ಬು ಮೇಲ್ಮೈಯ ಆರ್ಚ್‌ಟಾಪ್ ಗಿಟಾರ್ ಕೊಳ್ಳಲು ಹೋಗಬೇಡಿ. ಕಾರ್ಡ್ ಹೊಡೆದ ತಕ್ಷಣ ಎಡಗೈ ಬೆರಳುಗಳನ್ನು ತಂತಿಯಿಂದ ಪೂರ್ತಿ ಎತ್ತದೆ ಒತ್ತಡ ಮಾತ್ರ ಬಿಡಿ, ದನಿ ನಿಲ್ಲುತ್ತದೆ. ಮೊದಲನೇ ತಂತಿಯ ಬೆರಳನ್ನು ಮಾತ್ರ ಬಿಡಬೇಡಿ. ಮೊದಲ ವಾರ ಎಲ್ಲ ಬೆರಳೂ ಒಟ್ಟಿಗೇ ಏಳುತ್ತವೆ, ಅದಕ್ಕೂ ನನಗೆ ಮೆಸೇಜ್ ಹಾಕಬೇಡಿ.