ಗಾಯದ ವಯಸ್ಸು: ‘ಕನಿಷ್ಠ’ ಎಂಬ ಪದ ಎಲ್ಲಿ ಕಳೆದುಹೋಗುತ್ತದೆ?

ಬಂಧನದಲ್ಲಿದ್ದ ವ್ಯಕ್ತಿ ಸತ್ತಾಗ ಮೊದಲು ಏಳುವ ಪ್ರಶ್ನೆ, ಮೈಮೇಲಿನ ಗಾಯ ಠಾಣೆಗೆ ಬರುವ ಮೊದಲೇ ಆಗಿತ್ತೇ, ಬಂದ ಮೇಲೆ ಆಯಿತೇ ಎಂಬುದು. ಬಂಧಿತ ಕೇಳಿಕೊಂಡರೆ ಬಂಧನದ ಹೊತ್ತಿನಲ್ಲೇ ದೊಡ್ಡ, ಸಣ್ಣ ಗಾಯಗಳೆಲ್ಲವನ್ನೂ ದಾಖಲಿಸಬೇಕು, ಪ್ರತಿ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಬೇಕು ಎಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಈ ಕಾರಣಕ್ಕೇ. ದಾಖಲೆ ಇಲ್ಲದಿದ್ದರೆ ಉತ್ತರವನ್ನು ಚರ್ಮದಲ್ಲೇ ಹುಡುಕಬೇಕು.

ಬಹುಕಾಲ ಆ ಹುಡುಕಾಟ ಬಣ್ಣದಲ್ಲಿ ನಡೆಯಿತು. ಮೂಗೇಟು ಮೊದಲು ಕೆಂಪು, ಆಮೇಲೆ ನೀಲಿ, ಹಸಿರು, ಕೊನೆಗೆ ಹಳದಿ ಎಂಬ ಪಾಠವನ್ನು ವೈದ್ಯ ವಿದ್ಯಾರ್ಥಿಗಳು ಇಂದಿಗೂ ಬಾಯಿಪಾಠ ಮಾಡುತ್ತಾರೆ. 1991ರಲ್ಲಿ ಬ್ರಿಟನ್ನಿನ ಲಾಂಗ್ಲೋಯಿಸ್ ಮತ್ತು ಗ್ರೆಶಮ್ ಮೂಗೇಟುಗಳ ಛಾಯಾಚಿತ್ರಗಳನ್ನು ಪರಿಶೀಲಿಸಿದಾಗ ಉಳಿದದ್ದು ಒಂದೇ ಮಾತು: ಹಳದಿ ಕಂಡರೆ ಗಾಯಕ್ಕೆ 18 ಗಂಟೆಯಾದರೂ ಆಗಿದೆ. ಹಳದಿ ಕಾಣದಿದ್ದರೆ ಏನನ್ನೂ ಹೇಳಲಾಗದು.

ಸೂಕ್ಷ್ಮದರ್ಶಕದ ದಾರಿ ಬೇರೆಯೇ. ಬದುಕಿರುವ ದೇಹ ಗಾಯಕ್ಕೆ ಸ್ಪಂದಿಸುತ್ತದೆ, ಶವ ಸ್ಪಂದಿಸುವುದಿಲ್ಲ. 1960ರ ದಶಕದಲ್ಲಿ ಫಿನ್ಲೆಂಡಿನ ಯುರ್ಕಿ ರೇಕಾಲ್ಲಿಯೊ ಗಾಯದ ಅಂಚಿನಲ್ಲಿ ಕಿಣ್ವಗಳು ಒಂದರ ಹಿಂದೊಂದು ಚುರುಕಾಗುವುದನ್ನು ತೋರಿಸಿದರು: ಎಸ್ಟರೇಸ್ ಸುಮಾರು 1 ಗಂಟೆಗೆ, ಆಲ್ಕಲೈನ್ ಫಾಸ್ಫಟೇಸ್ ಸುಮಾರು 8 ಗಂಟೆಗೆ. ಆ ಸರಣಿ ಗಡಿಯಾರದಂತೆಯೇ ಕಂಡಿತು. ‘ಕನಿಷ್ಠ ಇಷ್ಟು ಹೊತ್ತು’ ಎಂಬುದನ್ನು ‘ಇಷ್ಟೇ ಹೊತ್ತು’ ಎಂದು ಓದುವ ಗೊಂದಲದ ಬೀಜ ಬಿದ್ದದ್ದು ಅಲ್ಲೇ ಎಂದು ನನಗೆ ಅನ್ನಿಸುತ್ತದೆ.

ನಿರ್ದಿಷ್ಟ ಪ್ರೊಟೀನಿಗೆ ಮಾತ್ರ ಅಂಟುವ ಪ್ರತಿಕಾಯಗಳು ಕೈಗೆ ಬಂದ ಮೇಲೆ ಚಿತ್ರ ಬದಲಾಯಿತು. 1990ರ ದಶಕದಲ್ಲಿ ಜರ್ಮನಿಯ ಪೀಟರ್ ಬೆಟ್ಜ್ ಆಗಿ ಎಷ್ಟು ಹೊತ್ತಾಯಿತೆಂದು ಗೊತ್ತಿದ್ದ ಮನುಷ್ಯರ ಗಾಯಗಳನ್ನೇ ಸಾಲಾಗಿ ಪರೀಕ್ಷಿಸಿದರು. ಗಾಜಿನ ಪಟ್ಟಿಯ ಮೇಲೆ ಕಾಗದಕ್ಕಿಂತ ತೆಳುವಾದ ಚರ್ಮದ ಸೀಳು. ಪ್ರತಿಕಾಯ ಅಂಟಿದ ಕಡೆ ಬಣ್ಣ ಏರುತ್ತದೆ. ಫೈಬ್ರೊನೆಕ್ಟಿನ್ ಎಂಬ ಪ್ರೊಟೀನ್ ಗಾಯದ ಅಂಚಿನಲ್ಲಿ ಬಲೆ ನೇಯ್ದಂತೆ ಕಂಡರೆ ಗಾಯವಾದ ಮೇಲೆ ವ್ಯಕ್ತಿ ಕನಿಷ್ಠ 10–20 ನಿಮಿಷ ಬದುಕಿದ್ದ. ಆದರೆ ಈ ಪ್ರೊಟೀನ್ ರಕ್ತದಲ್ಲೂ ಇರುತ್ತದೆ. ಸತ್ತ ಮೇಲೆ ರಕ್ತ ಒಸರಿದ ಜಾಗದಲ್ಲೂ ಬಣ್ಣ ಹಿಡಿಯುತ್ತದೆ, ಬಲೆ ಮಾತ್ರ ಇರುವುದಿಲ್ಲ. ಬಲೆ ಯಾವುದು, ಬರೀ ಕಲೆ ಯಾವುದು ಎಂದು ಬೇರ್ಪಡಿಸಲು ಪಳಗಿದ ಕಣ್ಣು ಬೇಕು.

ಟೆನಾಸಿನ್ ಎಂಬ ಇನ್ನೊಂದು ಪ್ರೊಟೀನ್ ಇನ್ನೂ ಸ್ಪಷ್ಟ ಉದಾಹರಣೆ. ಅದು ಮೊದಲು ಕಾಣಿಸಿಕೊಳ್ಳುವುದು ಸುಮಾರು 2 ದಿನಕ್ಕೆ. ತಪ್ಪದೆ ಕಾಣುವುದು 5 ದಿನ ದಾಟಿದ ಗಾಯಗಳಲ್ಲಿ. ಹಾಗಾಗಿ ಟೆನಾಸಿನ್ ಸಿಕ್ಕರೆ ಗಾಯಕ್ಕೆ ಕನಿಷ್ಠ 2 ದಿನ. ಸಿಗದಿದ್ದರೆ 5 ದಿನ ತುಂಬಿರಲಾರದು. ನಡುವಿನ 3 ದಿನಗಳನ್ನು ಈ ಪ್ರೊಟೀನ್ ಒಂದೇ ಬಿಡಿಸಿ ಹೇಳಲಾರದು. ಪ್ರಬಂಧದಲ್ಲಿ ಎರಡೂ ಅಂಕಿಗಳಿರುತ್ತವೆ. ಪಠ್ಯದ ಕೋಷ್ಟಕಕ್ಕೆ ಬರುವಾಗ ಒಂದು ಉಳಿಯುತ್ತದೆ, ಸಾಕ್ಷಿಕಟ್ಟೆಗೆ ಬರುವಾಗ ‘ಕನಿಷ್ಠ’ವೂ ಬಿದ್ದುಹೋಗಿ ‘ಗಾಯ 2 ದಿನದ್ದು’ ಎಂದಾಗುತ್ತದೆ. ಬಂಧನವಾಗಿ ಒಂದೇ ದಿನವಾಗಿದ್ದರೆ ಗಾಯ ಹೇಗೂ ಬಂಧನಕ್ಕೆ ಮೊದಲಿನದು, ಬಿಟ್ಟುಹೋದ ಆ ಪದದಿಂದ ಕೆಡುಕಿಲ್ಲ. ಮೂರು ದಿನವಾಗಿದ್ದರೆ ಗಾಯ ಬಂಧನಕ್ಕೆ ಮೊದಲಿನದೂ ಆಗಿರಬಹುದು, ಆಮೇಲಿನದೂ ಆಗಿರಬಹುದು, ಆ ಪದದ ಮೇಲೆಯೇ ಎಲ್ಲ ನಿಂತಿರುತ್ತದೆ.

ಆಮೇಲಿನ ವರ್ಷಗಳು ಪಟ್ಟಿಯನ್ನು ಉದ್ದ ಮಾಡಿದವು: ಉರಿಯೂತದಲ್ಲಿ ಪಾಲ್ಗೊಳ್ಳುವ ಸೆಲೆಕ್ಟಿನ್, ಇಂಟರ್‌ಲ್ಯೂಕಿನ್ ಎಂಬ ಪ್ರೊಟೀನುಗಳು, ಜಪಾನಿನಲ್ಲಿ ತೊಶಿಕಾಜು ಕೊಂಡೊ ಮತ್ತು ಸಂಗಡಿಗರ ಸರಣಿ ಅಧ್ಯಯನಗಳು. ಬಹಳಷ್ಟು ಕೆಲಸ ಇಲಿಗಳ ಮೇಲೆ ನಡೆದಿದೆ. ಇಲಿಯ ಚರ್ಮ ಮುಖ್ಯವಾಗಿ ಕುಗ್ಗಿ ಮಾಯುತ್ತದೆ, ನಮ್ಮದು ಬಹುಪಾಲು ಹೊಸ ಅಂಗಾಂಶ ತುಂಬಿಕೊಂಡು. ವ್ಯಕ್ತಿಯ ವಯಸ್ಸು, ಸಕ್ಕರೆ ಕಾಯಿಲೆ, ಸ್ಟಿರಾಯ್ಡ್ ಮಾತ್ರೆ ಇವೂ ಮಾಯುವ ವೇಗವನ್ನು ಬದಲಿಸುತ್ತವೆ. ಒಂದೇ ಪ್ರೊಟೀನನ್ನು ನಂಬದೆ ಹಲವನ್ನು ಒಟ್ಟಿಗೆ ನೋಡಬೇಕು ಎಂಬ ಮಾತಿಗೆ ಬಲ ಬಂದಿರುವುದು ಇದರಿಂದಲೇ.

ನಮ್ಮಲ್ಲಿ ಗಾಯ ಪ್ರಮಾಣಪತ್ರದಲ್ಲಿ ಗಾಯದ ವಯಸ್ಸನ್ನು ಸಾಮಾನ್ಯವಾಗಿ ಬಣ್ಣ, ಊತ, ಹಕ್ಕಳೆ ನೋಡಿಯೇ ಬರೆಯುತ್ತಾರೆ. ಶವಾಗಾರದಲ್ಲಾದರೂ ಇನ್ನೊಂದು ಹೆಜ್ಜೆ ಇಡಬಹುದು: ಗಾಯದ ಅಂಚಿನ ಜೊತೆಗೆ ಅದೇ ದೇಹದ ಗಾಯವಿಲ್ಲದ ಚರ್ಮದ ತುಣುಕೊಂದನ್ನು ಬೇರೆ ಫಾರ್ಮಲಿನ್ (ಅಂಗಾಂಶ ಕೆಡದಂತೆ ಇಡುವ ದ್ರವ) ಬಾಟಲಿಗೆ ಹಾಕುವುದು. ಹೋಲಿಸಲು ಆ ತುಣುಕು ಬೇಕು, ದಹನವಾದ ಮೇಲೆ ಅದು ಸಿಗುವುದಿಲ್ಲ.