ಮುರಿಯುವುದು ನೀವು ತೂರಿಸಿದ ರಾಡ್ ಅಲ್ಲ

ನನ್ನ ಸೈಕಲ್ ವರ್ಕ್‌ಶಾಪಿನ ಡ್ರಾಯರಿನಲ್ಲಿ ಗೇಣುದ್ದದ ಒಂದು ಹ್ಯಾಂಡಲ್ ತುಂಡು ಇದೆ. ಒಳಗೆ ಕಬ್ಬಿಣದ ರಾಡ್ ಇನ್ನೂ ಗಟ್ಟಿಯಾಗಿ ಕೂತಿದೆ. ಒಂದು ಚೂರೂ ಬಾಗಿಲ್ಲ. ‘ಹ್ಯಾಂಡಲ್ ಸ್ವಲ್ಪ ಅಗಲ ಮಾಡಿಕೊಡಿ, ಪೈಪ್ ನಾನೇ ತಂದಿದ್ದೀನಿ’ ಅಂತ ಯಾರಾದರೂ ಬಂದರೆ ಮೊದಲು ಅದನ್ನು ಅವರ ಕೈಗೆ ಕೊಡುತ್ತೇನೆ.

ಅಗಲ ಬೇಕು ಅನ್ನುವ ಆಸೆ ತಪ್ಪಲ್ಲ. ಇಪ್ಪತ್ತು ಮೂವತ್ತು ವರ್ಷ ಹಿಂದಿನ ಮೌಂಟನ್ ಬೈಕಿನ ಹ್ಯಾಂಡಲ್ 56ರಿಂದ 60 ಸೆಂಟಿಮೀಟರ್ ಇರುತ್ತಿತ್ತು. ಈಗಿನವು 74ರಿಂದ 80ರವರೆಗೂ ಇವೆ. ಕಲ್ಲುದಾರಿಯಲ್ಲಿ ಅಗಲ ಹ್ಯಾಂಡಲ್ ಇದ್ದರೆ ಮುಂದಿನ ಚಕ್ರ ಹಿಡಿತದಲ್ಲಿರುತ್ತದೆ, ಅದು ನಿಜ. ಹಾಗಾಗಿ ಹುಡುಗರು ಪಿವಿಸಿ ಪೈಪ್, ಪೊರಕೆ ಕೋಲು, ಹಳೆ ಹ್ಯಾಂಡಲ್ಲಿಂದ ಕತ್ತರಿಸಿದ ತುಂಡು, ಹ್ಯಾಂಡಲ್ ತುದಿಯೊಳಗೆ ತೂರಿಸಿ ಉದ್ದ ಮಾಡಲು ಏನು ಸಿಕ್ಕಿದರೆ ಅದು ತರುತ್ತಾರೆ. ಎಲ್ಲರೂ ಹೇಳುವ ಮಾತು ಒಂದೇ: ‘ಇದು ಸಖತ್ ಗಟ್ಟಿ, ಮುರಿಯಲ್ಲ.’

ಸರಿ, ಅದು ಮುರಿಯಲ್ಲ. ಮುರಿಯುವುದು ನಿಮ್ಮ ಹಳೆಯ ಹ್ಯಾಂಡಲ್. ಇದೊಂದು ಮಾತು ಜನರ ತಲೆಗೆ ಹೋಗುವಂತೆ ಹೇಳುವುದು ಹೇಗೆ ಅಂತ ವರ್ಷಗಳಿಂದ ಒದ್ದಾಡುತ್ತಿದ್ದೇನೆ.

ಮೊಬೈಲ್ ಚಾರ್ಜರಿನ ವೈರ್ ಎಲ್ಲಿ ಹರಿಯುತ್ತದೆ? ನಡುವೆ ಅಲ್ಲ ಅಲ್ವಾ? ಗಟ್ಟಿ ಪಿನ್ ಮುಗಿದು ಮೆತ್ತಗಿನ ವೈರ್ ಶುರುವಾಗುವ ಜಾಗದಲ್ಲೇ. ಪಿನ್ ಬಾಗುವುದಿಲ್ಲ, ಹಾಗಾಗಿ ಅಷ್ಟೂ ಬಾಗು ಆ ಒಂದು ಗೆರೆಯ ಮೇಲೆ ಬೀಳುತ್ತದೆ. ಹ್ಯಾಂಡಲ್ಲಿನ ಕತೆಯೂ ಅದೇ. ಗುಂಡಿ ಬಂದಾಗಲೆಲ್ಲ ಹ್ಯಾಂಡಲ್ ಕಣ್ಣಿಗೆ ಕಾಣದಷ್ಟು ಬಾಗಿ ವಾಪಸ್ ಬರುತ್ತದೆ. ಒಳಗೆ ತೂರಿಸಿದ ರಾಡ್ ಬಾಗುವುದಿಲ್ಲ. ರಾಡ್ ಒಳಗಡೆ ಎಲ್ಲಿ ಮುಗಿಯುತ್ತದೋ ಅಲ್ಲಿ ತೆಳು ಪೈಪು ಒಂಟಿಯಾಗಿ ಪೆಟ್ಟು ತಿನ್ನುತ್ತದೆ. ರಾಡ್ ಗಟ್ಟಿ ಇದ್ದಷ್ಟೂ ಆ ಜಾಗಕ್ಕೆ ಕಷ್ಟ ಜಾಸ್ತಿ.

ಇನ್ನೊಂದು, ಬಿಗಿಯಾದ ನಟ್ ಬಿಚ್ಚಲು ಸ್ಪ್ಯಾನರಿಗೆ ಪೈಪ್ ಸಿಕ್ಕಿಸುತ್ತೀರಲ್ಲ? ಕೈ ದೂರ ಹೋದಷ್ಟೂ ಬಲ ಜಾಸ್ತಿ ಬೀಳಲಿ ಅಂತ. ಹ್ಯಾಂಡಲ್ಲಿಗೆ ಮಾಡುತ್ತಿರುವುದೂ ಅದನ್ನೇ. 58 ಸೆಂಟಿಮೀಟರ್ ಹ್ಯಾಂಡಲ್ಲಿನಲ್ಲಿ ಸ್ಟೆಮ್ಮಿನ, ಅಂದರೆ ಹ್ಯಾಂಡಲ್ಲನ್ನು ನಡುವೆ ಕಚ್ಚಿ ಹಿಡಿಯುವ ಭಾಗದ, ಅಂಚಿನಿಂದ ಅಂಗೈಗೆ ಸುಮಾರು 20 ಸೆಂಟಿಮೀಟರ್ ಇರುತ್ತದೆ. ಎರಡೂ ಕಡೆ 8 ಸೇರಿಸಿ 74 ಮಾಡಿದರೆ ಅದು 28 ಆಗುತ್ತದೆ. ನೀವು ಅಷ್ಟೇ ಒತ್ತಿದರೂ ಸ್ಟೆಮ್ಮಿನ ಹತ್ತಿರ ಹ್ಯಾಂಡಲ್ ಬಾಗಿಸುವ ಬಲ ಶೇಕಡಾ 40 ಜಾಸ್ತಿ. ಫ್ಯಾಕ್ಟರಿಯ ಅಗಲ ಹ್ಯಾಂಡಲ್ಲನ್ನು ಇದನ್ನು ಲೆಕ್ಕ ಹಾಕಿಯೇ ಮಾಡಿರುತ್ತಾರೆ. ನಿಮ್ಮ ಹಳೆಯದನ್ನು ಹಾಗೆ ಮಾಡಿಲ್ಲ.

ಡ್ರಾಯರಿನ ತುಂಡು ಪಿಯುಸಿ ಓದುವ ಒಬ್ಬ ಹುಡುಗನದು. ಒಳ್ಳೆ ಹುಡುಗ, ಬೆಳಿಗ್ಗೆ ಆರಕ್ಕೇ ಚಾಮುಂಡಿ ಬೆಟ್ಟ ಹತ್ತುತ್ತಾನೆ. ಅವನ ಮಾವ ಲೇತಿನಲ್ಲಿ ರಾಡ್ ಟರ್ನ್ ಮಾಡಿಸಿ, ಅಲ್ಯೂಮಿನಿಯಂ ಹ್ಯಾಂಡಲ್ಲಿನೊಳಗೆ 12 ಸೆಂಟಿಮೀಟರ್ ತೂರಿಸಿ, ಅಲುಗಾಡದಿರಲಿ ಅಂತ ಒಳತುದಿಯ ಹತ್ತಿರ ತೂತು ಕೊರೆದು ಬೋಲ್ಟ್ ಹಾಕಿಕೊಟ್ಟಿದ್ದರು. ಕೆಲಸ ನೀಟಾಗಿತ್ತು, ನಾನೂ ಮೆಚ್ಚಿದೆ. ಆದರೆ ಆ ತೂತು! ಎಳೆತಕ್ಕೆ ಸಿಕ್ಕ ಲೋಹದಲ್ಲಿ ದುಂಡು ತೂತಿದ್ದರೆ ಅದರ ಅಂಚಿನಲ್ಲಿ ಎಳೆತ ಸುಮಾರು ಮೂರು ಪಟ್ಟು ಆಗಬಹುದು. ಮೂರು ತಿಂಗಳಿಗೆ ಮುರಿಯಿತು. ಪುಣ್ಯಕ್ಕೆ ಬೆಟ್ಟದ ಇಳಿಜಾರಿನಲ್ಲಲ್ಲ, ಅವನ ಮನೆ ಹತ್ತಿರದ ಹಂಪ್ ಮೇಲೆ. ಗಲ್ಲಕ್ಕೆ ನಾಲ್ಕು ಹೊಲಿಗೆ.

ಆ ತುಂಡಿನ ಮುರಿದ ತುದಿಯನ್ನು ಬೆಳಕಿಗೆ ಹಿಡಿದರೆ ಎರಡು ಬಣ್ಣ ಕಾಣುತ್ತದೆ. ತೂತಿನ ಸುತ್ತ ಬೂದು, ನುಣುಪು. ಉಳಿದದ್ದು ಸಕ್ಕರೆ ಹರಳಿನ ಹಾಗೆ ಒರಟು, ಹೊಳಪು. ಹೊಳೆಯುವ ಭಾಗ ಆ ದಿನ ಮುರಿದದ್ದು. ಬೂದು ಭಾಗ ಅದಕ್ಕೂ ಎಷ್ಟೋ ದಿನ ಮೊದಲಿಂದ ಬಿರುಕು ಬಿಡುತ್ತಾ ಬಂದದ್ದು. ಬ್ರೇಕ್ ಲಿವರಿನ ಕ್ಲಾಂಪ್ ಕೆಳಗೆ ಇದ್ದದ್ದರಿಂದ ಯಾರಿಗೂ ಕಾಣಲಿಲ್ಲ. ಆ ಬಿರುಕಿನ ಜೊತೆಯೇ ಅವನು ಅಷ್ಟು ಬೆಳಗು ಬೆಟ್ಟ ಇಳಿದಿದ್ದಾನೆ ಅಂತ ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ತೊಳಸುತ್ತದೆ.

ಅವನ ತಂದೆ ಎರಡೂ ತುಂಡು ತಂದು, ‘ಸಾರ್, ವೆಲ್ಡಿಂಗ್ ಮಾಡಿಸಿದರೆ ಆಗಲ್ವಾ?’ ಅಂದರು. ಆಗಲ್ಲ. ಇಂಥ ಅಲ್ಯೂಮಿನಿಯಂ ಹ್ಯಾಂಡಲ್ಲಿಗೆ ಗಟ್ಟಿತನ ಬರುವುದೇ ಫ್ಯಾಕ್ಟರಿಯಲ್ಲಿ ಕೊಟ್ಟ ಶಾಖದ ಹದದಿಂದ. ವೆಲ್ಡಿಂಗ್ ಬಿಸಿಗೆ ಆ ಹದ ಹೋಗುತ್ತದೆ, ಬೆಸುಗೆಯ ಅಕ್ಕಪಕ್ಕ ಮೆತ್ತಗಾಗುತ್ತದೆ.

ಹಾಲಿನ ಕ್ಯಾನ್ ನೇತು ಹಾಕುವ ಹಳೆ ಸ್ಟೀಲ್ ಹ್ಯಾಂಡಲ್ ಬೇರೆ. ಸ್ಟೀಲ್ ಸಾಮಾನ್ಯವಾಗಿ ಮೊದಲು ಬಾಗಿ ಸೂಚನೆ ಕೊಡುತ್ತದೆ. ಒಳಗೆ ತುಕ್ಕು ಹಿಡಿದಿದ್ದರೆ ಆ ಮಾತೂ ಹೇಳಲಾರೆ. ಊರೊಳಗೆ ನಿಧಾನ ಓಡಿಸುವವರು ಒಂದೆರಡು ಸೆಂಟಿಮೀಟರ್ ಸೇರಿಸಿಕೊಂಡರೆ ಮುರಿದೇ ಮುರಿಯುತ್ತದೆ ಅಂತ ನಾನು ಹೆದರಿಸುವುದಿಲ್ಲ. ಆದರೆ ನನ್ನ ಕೈಯಿಂದ ಮಾಡಿಕೊಡುವುದಿಲ್ಲ. ಮಕ್ಕಳ ಸೈಕಲ್ಲಿಗಂತೂ ಬೇಡವೇ ಬೇಡ. ಬೀಳುವಾಗ ಹ್ಯಾಂಡಲ್ ತುದಿ ಹೊಟ್ಟೆಗೆ ಚುಚ್ಚಿ ಒಳಗೆ ಪೆಟ್ಟಾಗುವುದು ಮಕ್ಕಳಲ್ಲೇ ಹೆಚ್ಚು. ಬರಿ ಪೈಪಿನ ಅಂಚು ಅಂದರೆ ಚಾಕು ಇದ್ದ ಹಾಗೆ. ಮಗುವಿನ ಮಂಡಿ ಹ್ಯಾಂಡಲ್ಲಿಗೆ ತಾಗುತ್ತಿದ್ದರೆ ಸೀಟು ಎತ್ತರಿಸಿ ನೋಡಿ. ಅದೂ ಸಾಲದಿದ್ದರೆ ಮಗು ಬೆಳೆದಿದೆ, ಸೈಕಲ್ ಚಿಕ್ಕದಾಗಿದೆ.

ಖರ್ಚಿಲ್ಲದ ಉಪಾಯ ಒಂದಿದೆ. ಎಷ್ಟೋ ಸೈಕಲ್ಲಿನಲ್ಲಿ ಗ್ರಿಪ್ ಪೂರ್ತಿ ಕೂತಿರುವುದಿಲ್ಲ, ಬ್ರೇಕ್ ಲಿವರ್ ಸುಮ್ನೆ ಹೊರಗೆ ಸರಿದಿರುತ್ತದೆ. ಲಿವರನ್ನು ಒಂದೆರಡು ಬೆರಳು ಒಳಗೆ ಸರಿಸಿ, ಕೈ ತುದಿಗೆ ಇಟ್ಟು ಒಂದು ವಾರ ಓಡಿಸಿ. ಅಷ್ಟರಲ್ಲೇ ಸಮಾಧಾನ ಆದವರಿದ್ದಾರೆ.

ಇಲ್ಲಾಂದ್ರೆ ಅಗಲದ್ದೇ ಕೊಳ್ಳಿ. ಸಾದಾ ಹ್ಯಾಂಡಲ್ಲಿಗೆ ಲೇತು, ಬೋಲ್ಟಿನ ಖರ್ಚಿಗಿಂತ ಬಹಳ ಜಾಸ್ತಿ ಏನೂ ಆಗುವುದಿಲ್ಲ. ಸ್ಟೆಮ್ ಹಿಡಿಯುವ ಜಾಗದ ದಪ್ಪ ಅಳೆದು ತನ್ನಿ, 25.4 ಮಿಲಿಮೀಟರಾ, 31.8ಆ ಅಂತ. ದಪ್ಪ ಹೊಂದದೆ ಕೂಲ್‌ಡ್ರಿಂಕ್ ಡಬ್ಬಿಯ ತಗಡು ಸುತ್ತಿ ಬಿಗಿದುಕೊಂಡು ಬಂದವರನ್ನೂ ನೋಡಿದ್ದೇನೆ. ದಯವಿಟ್ಟು ಅದು ಬೇಡ. ಹಾಕಿದ ಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಕೇಬಲ್ ಗಿಡ್ಡ ಇದ್ದರೆ ತಿರುವಿನಲ್ಲಿ ತಾನಾಗೇ ಬ್ರೇಕ್ ಹಿಡಿಯುತ್ತದೆ.

ಆ ಹುಡುಗನಿಗೆ 74ರದ್ದೇ ಹಾಕಿಕೊಟ್ಟೆ. ಎರಡು ವಾರಕ್ಕೆ ವಾಪಸ್ ಬಂದ. ‘ಅಂಕಲ್, ಭುಜ ನೋಯುತ್ತೆ, ಮನೆ ಗೇಟಲ್ಲೂ ತಾಗುತ್ತೆ.’ ಅಗಲದ್ದನ್ನು ಗಿಡ್ಡ ಮಾಡುವುದು ಸುಲಭ. ತುದಿಯಲ್ಲಿ ಕಂಪನಿಯವರೇ ಗೆರೆ ಹಾಕಿದ್ದರು. ಹ್ಯಾಕ್ಸಾದಲ್ಲಿ ಎರಡೂ ಕಡೆ 2 ಸೆಂಟಿಮೀಟರ್ ಕತ್ತರಿಸಿ, ಅಂಚು ಅರದಲ್ಲಿ ಉಜ್ಜಿ, ಪ್ಲಗ್ ಹಾಕಿದೆ. ಕತ್ತರಿಸಿದ ಎರಡು ಬಳೆಗಳನ್ನು ಅವನೇ ಕೇಳಿ ಇಸ್ಕೊಂಡ. ಒಂದು ಈಗ ಅವನ ಸೈಕಲ್ ಬೀಗದ ಕೀಲಿಗೆ ನೇತಾಡುತ್ತಿದೆ.