ಪಂಚಾಯಿತಿಯಲ್ಲಿ ಅರ್ಧ, ವಿಧಾನಸಭೆಯಲ್ಲಿ ಹತ್ತು: ನಡುವೆ ಮುರಿದ ಮೆಟ್ಟಿಲು

1962ರಲ್ಲಿ ಆಗಿನ ಮೈಸೂರು ರಾಜ್ಯದ 208 ಸ್ಥಾನಗಳ ವಿಧಾನಸಭೆಗೆ 18 ಮಹಿಳೆಯರು ಗೆದ್ದು ಬಂದಿದ್ದರು. 2023ರಲ್ಲಿ 224 ಕ್ಷೇತ್ರಗಳಿಂದ ಗೆದ್ದವರು 10 ಮಂದಿ. ನಡುವಿನ ಅರವತ್ತು ವರ್ಷಗಳಲ್ಲಿ ಯಾವ ಚುನಾವಣೆಯೂ ಆ ಹದಿನೆಂಟನ್ನು ದಾಟಲಿಲ್ಲ. ಇದೇ ರಾಜ್ಯದ ಸುಮಾರು 6,000 ಗ್ರಾಮ ಪಂಚಾಯಿತಿಗಳಲ್ಲಿ 90 ಸಾವಿರಕ್ಕೂ ಹೆಚ್ಚು ಸದಸ್ಯರಿದ್ದು, ಅವರಲ್ಲಿ ಅರ್ಧದಷ್ಟು ಮಹಿಳೆಯರು. ಕೆಳಗೆ ಇಷ್ಟೊಂದು ಜನ ಇದ್ದೂ ಮೇಲೆ ಯಾಕೆ ಕಾಣುವುದಿಲ್ಲ ಎಂಬ ಪ್ರಶ್ನೆಗೆ 'ಮಹಿಳೆಯರಿಗೆ ಆಸಕ್ತಿಯಿಲ್ಲ' ಎಂಬ ಸಿದ್ಧ ಉತ್ತರ ಸಾಲದು. ಮೀಸಲಾತಿ ಬಂದ ಬಗೆ, ಅದನ್ನು ಜಾರಿ ಮಾಡಿದ ಬಗೆ, ಪಕ್ಷಗಳು ಟಿಕೆಟ್ ಹಂಚುವ ಬಗೆ, ಈ ಮೂರನ್ನೂ ಒಟ್ಟಿಗೆ ನೋಡಬೇಕು.

ಆಸಕ್ತಿಯ ಮಾತು ಎಷ್ಟು ಪೊಳ್ಳು ಎಂಬುದಕ್ಕೆ ಹಳೆಯ ಸಾಕ್ಷಿಗಳೇ ಇವೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರು 1926ರಲ್ಲೇ ಮದ್ರಾಸ್ ಶಾಸನ ಪರಿಷತ್ತಿಗೆ ಸ್ಪರ್ಧಿಸಿ ಅಲ್ಪ ಮತಗಳ ಅಂತರದಲ್ಲಿ ಸೋತರು. ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ ಏಳು ಬಾರಿ ಗೆದ್ದರು, 1972ರಿಂದ 1978ರವರೆಗೆ ವಿಧಾನಸಭಾಧ್ಯಕ್ಷರಾಗಿದ್ದರು, ವಿರೋಧ ಪಕ್ಷದ ನಾಯಕಿಯೂ ಆದರು. ಇವರಾರಿಗೂ ಮೀಸಲಾತಿ ಇರಲಿಲ್ಲ. ಸ್ವಾತಂತ್ರ್ಯ ಚಳವಳಿಯಲ್ಲಿ ಬೀದಿಗಿಳಿದ ಹೆಣ್ಣುಮಕ್ಕಳು ಪಕ್ಷದೊಳಗೆ ಇನ್ನೂ ಕೇಳಿಸುವ ದನಿಯಾಗಿದ್ದ ಕಾಲ ಅದು. ಆ ತಲೆಮಾರು ಹಿಂದೆ ಸರಿದಂತೆ, ಚುನಾವಣೆ ದುಬಾರಿಯಾದಂತೆ, ಪಕ್ಷಗಳ ಪಟ್ಟಿಯಿಂದ ಅವರ ಹೆಸರುಗಳೂ ಸರಿದುಹೋದವು.

ಹಳ್ಳಿಯ ಮಟ್ಟದಲ್ಲಿ ಕಥೆ ಬೇರೆಯೇ ದಿಕ್ಕಿನಲ್ಲಿ ಹೋಯಿತು. ಪಂಚಾಯಿತಿ ವ್ಯವಸ್ಥೆ ಹೇಗಿರಬೇಕೆಂದು ಶಿಫಾರಸು ಮಾಡಿದ 1957ರ ಬಲವಂತರಾಯ್ ಮೆಹ್ತಾ ಸಮಿತಿ ಸೂಚಿಸಿದ್ದು ಇಬ್ಬರು ಮಹಿಳೆಯರ ನಾಮಕರಣವನ್ನಷ್ಟೇ. ನಾಮಕರಣ ಎಂದರೆ ಊರಿನ ಹಿರಿಯರು ತಮಗೆ ಬೇಕಾದವರನ್ನು ಕೂರಿಸುವುದು. ಇದನ್ನು ಮುರಿದದ್ದು ರಾಮಕೃಷ್ಣ ಹೆಗಡೆ ಸರ್ಕಾರದ 1983ರ ಕಾಯ್ದೆ. ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ಬೆನ್ನು ಹತ್ತಿದ ಆ ಕಾಯ್ದೆ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಲ್ಲಿ ಶೇ 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. 1987ರ ಜನವರಿಯ ಚುನಾವಣೆಯಲ್ಲಿ ಸುಮಾರು 14,000 ಮಹಿಳೆಯರು ಆರಿಸಿ ಬಂದರು. ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿಯನ್ನು ಕಡ್ಡಾಯ ಮಾಡಿದ ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕೆ ಇನ್ನೂ ಐದಾರು ವರ್ಷ ಬಾಕಿ ಇತ್ತು. ಆದರೆ ಅಲ್ಲಿ ಒಂದು ದೊಡ್ಡ ಕೊರತೆ ಉಳಿದಿತ್ತು: ಮೀಸಲಾತಿ ಸದಸ್ಯತ್ವಕ್ಕೆ ಮಾತ್ರ, ಮಂಡಲ ಪಂಚಾಯಿತಿಯ ಮುಖ್ಯಸ್ಥರಾದ ಪ್ರಧಾನರ ಹುದ್ದೆಗೆ ಅಲ್ಲ. ಸಭೆಯಲ್ಲಿ ಕುರ್ಚಿ ಸಿಕ್ಕಿತು, ಸಹಿಯ ಅಧಿಕಾರ ಸಿಗಲಿಲ್ಲ.

73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಅದೇ ವರ್ಷದ ಮೇ ತಿಂಗಳಲ್ಲಿ ಬಂತು, ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಯೂ ನಡೆಯಿತು. ಮೂರನೇ ಒಂದು ಭಾಗ ಕಡ್ಡಾಯ. ಪರಿಶಿಷ್ಟ ಜಾತಿ, ಪಂಗಡಗಳ ಮೀಸಲು ಸ್ಥಾನಗಳೊಳಗೂ ಅಷ್ಟೇ ಪಾಲು. ಅಧ್ಯಕ್ಷ, ಉಪಾಧ್ಯಕ್ಷ ಹುದ್ದೆಗೂ ಮೀಸಲಾತಿ. 2010ರಲ್ಲಿ ಈ ಪ್ರಮಾಣವನ್ನು ಅರ್ಧಕ್ಕೆ ಏರಿಸಲಾಯಿತು. ಈಗ ದಲಿತ ಮಹಿಳೆಯೊಬ್ಬರು ಊರಿನ ಪಂಚಾಯಿತಿ ಅಧ್ಯಕ್ಷರಾಗುವುದು ಸುದ್ದಿಯೇ ಅಲ್ಲ. ಇದು ಸಣ್ಣ ಸಾಧನೆ ಅಲ್ಲ, ಇದನ್ನು ಲಘುವಾಗಿ ಕಾಣುವವರನ್ನು ಒಪ್ಪಲಾಗದು.

ಆದರೂ ಒಳಗೆ ಬರುವ ಬಾಗಿಲಲ್ಲೇ ತೊಡಕುಗಳಿವೆ. ಸ್ಪರ್ಧಿಸಲು 21 ವರ್ಷ ತುಂಬಿರಬೇಕು, ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಮದುವೆಯಾಗಿ ಬಂದ ಸೊಸೆಯ ಹೆಸರು ಎಷ್ಟೋ ಸಲ ತವರಿನ ಪಟ್ಟಿಯಲ್ಲೇ ಇರುತ್ತದೆ. ಪರಿಶಿಷ್ಟ ಜಾತಿ ಅಥವಾ ಪಂಗಡದ ಸ್ಥಾನವಾದರೆ ಜಾತಿ ಪ್ರಮಾಣ ಪತ್ರ ಬೇಕು. ಅದು ಹುಟ್ಟಿನ ಜಾತಿಯದ್ದಾಗಿರಬೇಕು, ಗಂಡನ ಜಾತಿಯದ್ದು ನಡೆಯದು. ಅಂದರೆ ದಾಖಲೆಗಾಗಿ ತವರೂರಿನ ನಾಡಕಚೇರಿಗೆ ಅಲೆಯಬೇಕು. ಯಾವ ಸ್ಥಾನ ಯಾವ ವರ್ಗಕ್ಕೆ ಎಂಬ ಪಟ್ಟಿ ಪ್ರಕಟವಾಗುವುದು ಚುನಾವಣೆ ಹತ್ತಿರ ಬಂದಾಗ; ಬಳಿಕ ನಾಮಪತ್ರಕ್ಕೆ ಸಿಗುವುದು ಕೆಲವೇ ದಿನ. ಮೊದಲೇ ಕಾಗದಪತ್ರ ಜೋಡಿಸಿಟ್ಟುಕೊಂಡ ಮನೆಯವರಿಗೆ ಅನುಕೂಲ. ಅಂಥ ಮನೆಗಳು ಬಹುಮಟ್ಟಿಗೆ ಈಗಾಗಲೇ ರಾಜಕೀಯದಲ್ಲಿರುವ ಗಂಡಸರ ಮನೆಗಳೇ.

ಗೆದ್ದ ಮೇಲಿನ ತೊಡಕು ಇನ್ನೂ ಸೂಕ್ಷ್ಮ. ಪಂಚಾಯಿತಿಯ ಹಣ ಬಿಡುಗಡೆಗೆ ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಇಬ್ಬರ ಒಪ್ಪಿಗೆ ಬೇಕು. ಮೊದಲು ಚೆಕ್ಕಿಗೆ ಸಹಿ, ಈಗ ಡಿಜಿಟಲ್ ಸಹಿಯ ಡೊಂಗಲ್. ಅಧ್ಯಕ್ಷೆಯ ಡೊಂಗಲ್ ಮತ್ತು ಅದರ ಪಾಸ್‌ವರ್ಡ್ ಗಂಡನ ಜೇಬಿನಲ್ಲಿದ್ದರೆ, ಇಲ್ಲವೇ ಕಚೇರಿಯ ಕಂಪ್ಯೂಟರ್ ಆಪರೇಟರ್ ಬಳಿ ಇದ್ದರೆ, ಯಾವ ಬಿಲ್ಲು ಪಾಸಾಯಿತೆಂದು ಆಕೆಗೆ ತಿಳಿಯುವುದೇ ಇಲ್ಲ. ಮುಂದೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬಂದಾಗ ನೋಟಿಸು ಬರುವುದು ಆಕೆಯ ಹೆಸರಿಗೆ. ಗಂಡ ಅಥವಾ ಮಗ ಸಭೆಯಲ್ಲಿ ಕೂರಬಾರದೆಂಬ ಆದೇಶಗಳಿವೆ, ಅದನ್ನು ಜಾರಿ ಮಾಡಬೇಕಾದವರು ಪಿಡಿಒ. ಹೊರಗಿನವರು ಕೂತಿದ್ದನ್ನು ನಡಾವಳಿಯಲ್ಲಿ ದಾಖಲಿಸುವ ಧೈರ್ಯ ಪಿಡಿಒಗೆ ಇಲ್ಲದಿದ್ದರೆ ಆದೇಶ ಕಾಗದದಲ್ಲೇ ಉಳಿಯುತ್ತದೆ.

ಇನ್ನೊಂದು ಅಸ್ತ್ರ ಅವಿಶ್ವಾಸ ನಿರ್ಣಯ. ಅರ್ಧದಷ್ಟು ಸದಸ್ಯರು ಸಹಿ ಹಾಕಿ ಉಪವಿಭಾಗಾಧಿಕಾರಿಗೆ ಕೊಟ್ಟರೆ ಸಭೆ ಕರೆಯಬೇಕಾಗುತ್ತದೆ, ಮೂರನೇ ಎರಡರಷ್ಟು ಮತ ಬಿದ್ದರೆ ಅಧ್ಯಕ್ಷೆ ಇಳಿಯಬೇಕು. ಗಂಡನನ್ನಾಗಲಿ ಗುತ್ತಿಗೆದಾರನನ್ನಾಗಲಿ ಲೆಕ್ಕಿಸದೆ ಸ್ವಂತ ತೀರ್ಮಾನ ತೆಗೆದುಕೊಂಡವರ ಮೇಲೆ ಈ ಕತ್ತಿ ತೂಗುತ್ತಲೇ ಇರುತ್ತದೆ. 2021ರಲ್ಲಿ ಮತ್ತು 2023ರಲ್ಲಿ ಅಧ್ಯಕ್ಷರು ಆಯ್ಕೆಯಾದದ್ದು ತಲಾ 30 ತಿಂಗಳಿಗೆ. ಅದನ್ನೂ ಹದಿನೈದು ಹದಿನೈದು ತಿಂಗಳು ಹಂಚಿಕೊಳ್ಳುವ 'ಒಪ್ಪಂದ' ಅನೇಕ ಕಡೆ ನಡೆಯುತ್ತದೆ. ಕಡತ ಓದುವುದು, ಕ್ರಿಯಾಯೋಜನೆ ತಯಾರಿಸುವುದು, ಅನುದಾನ ಎಲ್ಲಿಂದ ಬರುತ್ತದೆಂದು ಅರಿಯುವುದು, ಇಷ್ಟು ಕಲಿಯುವಷ್ಟರಲ್ಲಿ ರಾಜೀನಾಮೆಯ ಹೊತ್ತು ಬಂದಿರುತ್ತದೆ.

ಇದರ ಜೊತೆಗೆ ಸರದಿ. ಒಂದು ಸ್ಥಾನ ಈ ಬಾರಿ ಮಹಿಳೆಗೆ ಮೀಸಲಾದರೆ ಮುಂದಿನ ಬಾರಿ ಬೇರೆ ವರ್ಗಕ್ಕೆ ಹೋಗಬಹುದು. ಸರದಿಯ ಉದ್ದೇಶ ನ್ಯಾಯವಾದದ್ದೇ. ಆದರೆ ಐದು ವರ್ಷ ದುಡಿದು ಹೆಸರು ಮಾಡಿದ ಸದಸ್ಯೆ ಅದೇ ಜನರೆದುರು ಮತ್ತೆ ನಿಲ್ಲುವ ಅವಕಾಶ ಕಳೆದುಕೊಳ್ಳುತ್ತಾರೆ. ಸ್ಥಾನ ಸಾಮಾನ್ಯವಾದರೆ ಕಾನೂನು ಆಕೆಯನ್ನು ತಡೆಯುವುದಿಲ್ಲ. ಊರಿನ ಪಂಚರು 'ನಿಮ್ಮದು ಮುಗೀತಲ್ಲ' ಎಂದು ತಡೆಯುತ್ತಾರೆ.

ಪಂಚಾಯಿತಿಯಿಂದ ವಿಧಾನಸಭೆಗೆ ಹೋಗುವ ದಾರಿಯಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳು ಮಧ್ಯದ ಮೆಟ್ಟಿಲು. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಇಲ್ಲಿ ಇದೆ. ಗ್ರಾಮ ಮಟ್ಟದಲ್ಲಿ ಬೆಳೆದ ಮಹಿಳೆ ಪಕ್ಷದ ಅಭ್ಯರ್ಥಿಯಾಗಿ ಪರಿಚಯವಾಗುವ ಮೊದಲ ಜಾಗ ಇದೇ. 2016ರ ಫೆಬ್ರವರಿಯಲ್ಲಿ ಚುನಾಯಿತರಾದವರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ವ್ಯಾಜ್ಯ ಎನ್ನುತ್ತ ವರ್ಷಗಟ್ಟಲೆ ಚುನಾವಣೆಯೇ ಇಲ್ಲ, ಆಡಳಿತಾಧಿಕಾರಿಗಳದ್ದೇ ಕಾರುಬಾರು. ಅರ್ಧ ಸ್ಥಾನ ಮಹಿಳೆಯರದ್ದಾಗಿದ್ದ ಈ ಮೆಟ್ಟಿಲು ಮುರಿದದ್ದರಿಂದ ಆದ ನಷ್ಟದ ಬಗ್ಗೆ ಆಗಬೇಕಾದಷ್ಟು ಚರ್ಚೆ ಆಗಿಲ್ಲ.

ಮೇಲಿನ ಬಾಗಿಲಲ್ಲಿ ಕಾಯುವುದು ಹಣ ಮತ್ತು ಟಿಕೆಟ್. 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಮಹಿಳೆಯರ ಠೇವಣಿ 100 ರೂಪಾಯಿ. ವಿಧಾನಸಭೆಗೆ 10,000 ರೂಪಾಯಿ. ಪರಿಶಿಷ್ಟರಿಗೆ ಅರ್ಧ ರಿಯಾಯಿತಿ ಇದೆ, ಮಹಿಳೆಯರಿಗೆ ಪ್ರತ್ಯೇಕ ರಿಯಾಯಿತಿ ಇಲ್ಲ. ಕಾನೂನು ಒಪ್ಪುವ ಖರ್ಚಿನ ಮಿತಿಯೇ 40 ಲಕ್ಷ. ಜಮೀನು ಗಂಡನ ಹೆಸರಲ್ಲಿ, ವ್ಯವಹಾರ ಗಂಡನ ಹೆಸರಲ್ಲಿ ಇರುವಾಗ ಆ ಹಣ ಹುಟ್ಟುವುದೆಲ್ಲಿ? 2023ರಲ್ಲಿ ಮೂರು ಪ್ರಮುಖ ಪಕ್ಷಗಳಲ್ಲಿ ಯಾವುದೂ ಹದಿನೈದು ಮಹಿಳೆಯರಿಗೂ ಟಿಕೆಟ್ ಕೊಡಲಿಲ್ಲ. ಕೊಟ್ಟವುಗಳಲ್ಲೂ ಹಲವು ರಾಜಕಾರಣಿಗಳ ಮಡದಿ, ಮಗಳು, ಸೊಸೆಯರಿಗೆ ಹೋದವು. ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ 25 ಮಂದಿಯನ್ನು ಆರಿಸುವವರು ಸ್ಥಳೀಯ ಸಂಸ್ಥೆಗಳ ಸದಸ್ಯರು. ಮತದಾರರಲ್ಲಿ ಅರ್ಧದಷ್ಟು ಮಹಿಳೆಯರಿದ್ದೂ ಅಲ್ಲಿಯ ಅಭ್ಯರ್ಥಿಗಳು ಬಹುಪಾಲು ಪುರುಷರೇ.

ಶಾಸನಸಭೆಗಳ ಮೀಸಲಾತಿ ಮಸೂದೆ ಮೊದಲು ಲೋಕಸಭೆಗೆ ಬಂದದ್ದು 1996ರ ಸೆಪ್ಟೆಂಬರ್ 12ರಂದು, ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. 1998, 1999, 2008ರಲ್ಲಿ ಮತ್ತೆ ಮಂಡನೆಯಾಯಿತು. 2010ರ ಮಾರ್ಚಿನಲ್ಲಿ ರಾಜ್ಯಸಭೆ ಒಪ್ಪಿದರೂ ಲೋಕಸಭೆಯಲ್ಲಿ ಮತಕ್ಕೇ ಬಾರದೆ, 2014ರಲ್ಲಿ ಆ ಲೋಕಸಭೆಯ ಅವಧಿಯೊಂದಿಗೆ ರದ್ದಾಯಿತು. ಕೊನೆಗೆ 2023ರ ಸೆಪ್ಟೆಂಬರಿನಲ್ಲಿ 106ನೇ ತಿದ್ದುಪಡಿಯಾಗಿ ಎರಡೂ ಸದನ ದಾಟಿತು. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಮೀಸಲು, ಮೇಲ್ಮನೆಗಳಿಗೆ ಇಲ್ಲ. ಆದರೆ ಜಾರಿಯನ್ನು ಜನಗಣತಿಗೂ ಅದರ ಆಧಾರದ ಕ್ಷೇತ್ರ ಮರುವಿಂಗಡಣೆಗೂ ಕಟ್ಟಿಹಾಕಲಾಯಿತು.

ಈ ತಿದ್ದುಪಡಿಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಇಲ್ಲಿ ಮೀಸಲು ಸ್ಥಾನಗಳ ಸರದಿ ಬದಲಾಗುವುದು ಪ್ರತಿ ಚುನಾವಣೆಗಲ್ಲ, ಪ್ರತಿ ಮರುವಿಂಗಡಣೆಯ ನಂತರ. ಹಾಗಾದರೆ ಗೆದ್ದ ಶಾಸಕಿಗೆ ಅದೇ ಕ್ಷೇತ್ರದಲ್ಲಿ ಎರಡನೇ ಅವಕಾಶ ಸಿಗುವ ಸಂಭವ ಪಂಚಾಯಿತಿಗಿಂತ ಹೆಚ್ಚು. ಇಂದಿನ ಸಂಖ್ಯೆಯ ಲೆಕ್ಕದಲ್ಲೇ ಕರ್ನಾಟಕದಲ್ಲಿ ಸುಮಾರು 75 ಕ್ಷೇತ್ರಗಳು ಮೀಸಲಾಗುತ್ತವೆ. ಅಷ್ಟು ಹೆಸರುಗಳನ್ನು ಪಕ್ಷಗಳು ತಮ್ಮ ನಾಯಕರ ಮನೆಗಳಿಂದಲೇ ಹೆಕ್ಕುತ್ತವೆಯೋ, 1993ರಿಂದ ಪಂಚಾಯಿತಿ ನಡೆಸಿ ಬಂದ ಸಾವಿರಾರು ಮಹಿಳೆಯರ ನಡುವೆ ಹುಡುಕುತ್ತವೆಯೋ ಎಂಬುದು ಟಿಕೆಟ್ ಹಂಚುವ ದಿನ ತೀರ್ಮಾನವಾಗುವುದಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಚುನಾವಣೆ ಸಮಯಕ್ಕೆ ಸರಿಯಾಗಿ ನಡೆಯುತ್ತದೆಯೇ, ಪಕ್ಷಗಳ ಬ್ಲಾಕ್ ಮತ್ತು ಮಂಡಲ ಸಮಿತಿಗಳಲ್ಲಿ ಮಾಜಿ ಅಧ್ಯಕ್ಷೆಯರಿಗೆ ಹುದ್ದೆ ಸಿಗುತ್ತದೆಯೇ ಎಂಬುದರಲ್ಲೇ ಅದು ತೀರ್ಮಾನವಾಗುತ್ತದೆ.